ಮತ್ತಿಯ ಒತ್ತು

ಜೆಸಿಂತಳನ್ನು ಕಳ್ಳಿಯೆಂದು ಕರೆದು ಮೀನುಗಾರರ ಸಂಘದಿಂದ ಹೊರಹಾಕಿದರು. ಕಾರಣವನ್ನು ಹರಾಜುಕಟ್ಟೆಯ ಮೈಕಿನಲ್ಲೇ ಸಾರಿದರು: ಬಿಟ್ಟಿ ಸಿಗುವ ಸಾಫ್ಟ್‌ವೇರಿಗೆ ದುಡ್ಡು ಪಡೆದಳು.

ಮೀನಿನ ದರ ತೋರಿಸುವ ಆ ಸಾಫ್ಟ್‌ವೇರನ್ನು ಬರೆದವಳು ಅವಳೇ. ಬರೆದು, ತನ್ನ ಹೆಸರೊಂದನ್ನು ಅಳಿಸಬಾರದು, ಉಳಿದಂತೆ ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟಿದ್ದಳು. ಉಪ್ಪುಗಾಳಿಗೆ ಕೆಟ್ಟ ಯಂತ್ರ ಸರಿಮಾಡಿ, ಹೆಂಗಸರಿಗೆ ಕಲಿಸಿದ್ದಕ್ಕೆ ಮಾತ್ರ ಕೂಲಿ. ಅವಳ ಮನೆಯ ಒಲೆ ಅದರಲ್ಲೇ ಉರಿಯುತ್ತಿತ್ತು.

"ಸಮುದ್ರಾನೂ ಬಿಟ್ಟೀನೇ ಅಲ್ವಾ ಸಾರೇ? ನೀವು ಮೀನು ಯಾಕೆ ಮಾರ್ತೀರಿ?" ಎಂದಳು ಜೆಸಿಂತ.

"ಬಾಯ್ಮುಚ್ಚೇ!" ಕಾರ್ಯದರ್ಶಿ ಸ್ಟಾನಿಸ್ಲಾವೋಸ್ ಗದರಿದ. "ಮತ್ತಿ ಅಂತ ಬರೆಯೋಕೂ ಬರಲ್ಲ, ಕೂಲಿ ಬೇರೆ ಕೇಡು!"

ಜನ ನಕ್ಕರು. ಸುಳ್ಳಲ್ಲ. ಮೊದಲ ದಿನವೇ ಮತ್ತಿ ಮೀನಿನ ಒತ್ತಕ್ಷರ ಬಿಟ್ಟುಹೋಗಿ, ದರ ತೋರಿಸುವ ಹಲಗೆಯ ಮೇಲೆ 'ಮತಿ' ಎಂದು ಬಂದಿತ್ತು. ಮತಿ ಎಂದರೆ ಅಲ್ಲಿಯವರ ಮಲಯಾಳದಲ್ಲಿ 'ಸಾಕು'. ತಿದ್ದಲು ಹೋದರೆ ಮೀನು ಮಾರುವ ಅಕ್ಕ, ಫಿಲೋಮಿನ ಚೇಚಿ, ಬಿಟ್ಟಿರಲಿಲ್ಲ. "ಇರ್ಲಿ ಬಿಡು ಮೋಳೇ, ಎರಡು ಬುಟ್ಟಿ ಸಾಕು ಕೊಡಿ ಅಂತ ದಿನಾ ನಗ್ತೀವಿ."

ಇಂದು ಆ ಚೇಚಿಯೂ ತಲೆ ತಗ್ಗಿಸಿ ನಿಂತಿದ್ದಳು.

ಕಾರ್ಯದರ್ಶಿಯ ಪಕ್ಕ, ಹೊಸ ಸಾಫ್ಟ್‌ವೇರ್ ತಂದ ಕೊಚ್ಚಿಯ ಕಂಪನಿಯ ಪ್ರಶೋಭ್. ಇಸ್ತ್ರಿ ಮುರಿಯದ ಅಂಗಿ.

"ಹಳೇದರಿಂದ ಒಂದಕ್ಷರಾನೂ ತಂದಿಲ್ಲ. ಪೂರ್ತಿ ನಮ್ಮೋರೇ ಕೂತು ಬರೆದದ್ದು. ಯಾರೂ ಒಳಗೆ ಇಣುಕದ ಹಾಗೆ ಬೀಗ ಹಾಕಿದೀವಿ."

ಅವನು ಕೇಳಿದ ಬಾಡಿಗೆ ಜೆಸಿಂತಳ ಕೂಲಿಯ ಹಲವು ಪಟ್ಟು. ಅದನ್ನು ಯಾರೂ ಕಳ್ಳತನ ಎನ್ನಲಿಲ್ಲ. ಚಪ್ಪಾಳೆ ತಟ್ಟಿದರು.

"ಹೋಗೋಕೆ ಮುಂಚೆ ನೋಡ್ಕೊಂಡು ಹೋಗು, ಕೆಲಸ ಅಂದ್ರೆ ಹೇಗಿರುತ್ತೆ ಅಂತ," ಎಂದ ಸ್ಟಾನಿಸ್ಲಾವೋಸ್.

ಪ್ರಶೋಭ್ ಗುಂಡಿ ಒತ್ತಿದ. ಹೊಸ ಹಲಗೆ ಝಗ್ಗನೆ ಬೆಳಗಿತು.

ಮತಿ: ಎರಡು ಬುಟ್ಟಿ.

ಯಾರೂ ನಗಲಿಲ್ಲ. ಫಿಲೋಮಿನ ಚೇಚಿ ನಿಧಾನಕ್ಕೆ ತಲೆ ಎತ್ತಿದಳು. "ಅಯ್ಯೋ... ಇದು ನಮ್ಮ ಹಳೇ ಹಲಗೆಯ 'ಸಾಕು' ಅಲ್ವಾ?"

ಪ್ರಶೋಭನ ಬೆರಳು ಗುಂಡಿಗಳ ಮೇಲೆ ತಡಕಾಡಿತು. ಸ್ಟಾನಿಸ್ಲಾವೋಸ್ ಜೆಸಿಂತಳ ಕಿವಿಯತ್ತ ಬಾಗಿದ. "ಏಯ್, ಇವನು ಬೀಗ ತೆಗೀತಾನೆ. ಬೇಗ ಬಂದು ಆ ಒತ್ತು ಹಾಕು. ಜನ ನೋಡ್ತಿದಾರೆ."

ಜೆಸಿಂತ ಮೈಕನ್ನು ತನ್ನತ್ತ ತಿರುಗಿಸಿಕೊಂಡಳು.

"ಮತಿ."