ಗೂಟದ ಮೇಲಿನ ಏಣಿ

"ಏಣಿ ತೆಗ್ದಿದ್ದು ನಾನೇ ಸ್ವಾಮಿ," ಎಂದಳು ಪುಟ್ಟಗಂಗಮ್ಮ.

ತುಮಕೂರಿನ ಕೋರ್ಟಿನಲ್ಲಿ ಪಿಸುಮಾತುಗಳೆಲ್ಲ ಗಪ್ಪನೆ ನಿಂತವು. ಆರೋಪಿಯ ಕಟಕಟೆಯಲ್ಲಿದ್ದ ಅವಳ ಕಿರಿಯ ಮಗ ಚಿಕ್ಕರಂಗಯ್ಯ ತಲೆ ಎತ್ತಿದ. ಬೆಂಚಿನ ತುದಿಯಲ್ಲಿ ಕೂತಿದ್ದ ಹಿರಿಸೊಸೆ ಸಿದ್ದಕ್ಕ ಮಾತ್ರ ಇತ್ತ ಕಣ್ಣು ಹಾಯಿಸಲಿಲ್ಲ. ಗಂಡ ಸತ್ತ ದಿನದಿಂದ ಅವಳು ಅತ್ತೆಯನ್ನು ಅತ್ತೆ ಎಂದು ಕರೆದವಳಲ್ಲ. ಒಂದೇ ಸೂರು, ಒಂದೇ ಒಲೆ, ಒಂದು ಮಾತಿಲ್ಲ.

ಪುಟ್ಟಗಂಗಮ್ಮ ಹೇಳಿದ್ದು ಹಸಿ ಸುಳ್ಳು. ಕಂದಿಕೆರೆಯಿಂದ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ಹೊಸೆದ ಸುಳ್ಳು. ಒಬ್ಬ ಮಗ ಮಣ್ಣಿಗೆ ಹೋಗಿದ್ದ. ಇನ್ನೊಬ್ಬನನ್ನು ನೇಣಿಗೆ ಕೊಟ್ಟು ಯಾವ ಭಾಗ್ಯಕ್ಕೆ ಬದುಕಬೇಕು?

ಹೋದ ವರ್ಷ ನಡೆದದ್ದು ಇಷ್ಟು. ಹಿರಿಯ ಮಗ ಹನುಮಂತಯ್ಯ ಹೊಸ ಕೊಯ್ಲಿನ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕುತ್ತಿದ್ದ. ಅಟ್ಟ ಸೇರಿದ ಕಾಯಿ ವರ್ಷವಿಡೀ ಅಲ್ಲೇ ಇದ್ದು, ಒಳಗಿನ ನೀರು ಇಂಗಿ, ಕೊಬ್ಬರಿಯಾಗಬೇಕು. ಬೆಳಿಗ್ಗೆಯೇ ಅಣ್ಣತಮ್ಮಂದಿರಿಗೆ ತೋಟದ ಪಾಲಿನ ವಿಷಯಕ್ಕೆ ಜಗಳವಾಗಿತ್ತು. "ಅಟ್ಟದಿಂದ ಹೆಂಗಿಳೀತೀಯೋ ನಾನೂ ನೋಡ್ತೀನಿ ಕಣ್ಲಾ" ಎಂದು ಚಿಕ್ಕರಂಗಯ್ಯ ಅಂದದ್ದು ಬೀದಿಗೆಲ್ಲ ಕೇಳಿಸಿತ್ತು. ಮುಸ್ಸಂಜೆ ಸಿದ್ದಕ್ಕ ನೀರು ಹೊತ್ತು ಬಂದಾಗ ಗಂಡ ಅಟ್ಟದ ಕೆಳಗಿನ ಒರಳುಕಲ್ಲಿಗೆ ತಲೆ ಬಡಿದುಕೊಂಡು ಬಿದ್ದಿದ್ದ. ಏಣಿ ಅವನ ಪಕ್ಕದಲ್ಲಿರಲಿಲ್ಲ. ಗೋಡೆಯ ಎರಡು ಗೂಟಗಳ ಮೇಲೆ ಅಚ್ಚುಕಟ್ಟಾಗಿ ಮಲಗಿತ್ತು.

ಆ ಏಣಿಯೇ ಚಿಕ್ಕರಂಗಯ್ಯನನ್ನು ಜೈಲಿಗೆ ಕಳಿಸಿದ್ದು. ಜಾರಿದ ಏಣಿ ನೆಲದ ಮೇಲೆ ಬೀಳುತ್ತದೆ, ತಾನಾಗಿ ಹೋಗಿ ಗೂಟದ ಮೇಲೆ ಮಲಗುವುದಿಲ್ಲ ಎಂದು ಸರ್ಕಾರಿ ವಕೀಲರು ವಾದಿಸಿದ್ದರು. ಹನುಮಂತಯ್ಯನ ಹತ್ತಿರ ಬೆಳಕಿರಲಿಲ್ಲ. ದಿನದಂತೆ ಬೆನ್ನು ತಿರುಗಿಸಿ, ಏಣಿ ಇದೆಯೆಂದೇ ನಂಬಿ ಕಾಲು ಇಳಿಬಿಟ್ಟಿದ್ದ.

ಆ ವಕೀಲರು ಈಗ ಪುಟ್ಟಗಂಗಮ್ಮನ ಕಟಕಟೆಯ ಹತ್ತಿರ ಬಂದರು.

"ಯಾಕೆ ತೆಗೆದ್ರಿ ಅಜ್ಜಿ?"

"ದೀಪ ಹಚ್ಚೋ ಹೊತ್ನಲ್ಲಿ ಅಟ್ಟಕ್ಕೆ ಏಣಿ ನಿಂತಿರಬಾರ್ದು ಸ್ವಾಮಿ. ಲಕ್ಷ್ಮಿ ಹತ್ಕೊಂಡು ಹೊಂಟೋಯ್ತಾಳೆ ಅನ್ನೋರು ನಮ್ಮತ್ತೆ. ಮದ್ವೆಯಾದ ಹೊಸದ್ರಲ್ಲಿ ಮರೆತಿದ್ದಕ್ಕೆ ಬರೆ ಹಾಕಿದ್ರು."

"ಮಗ ಮೇಲಿರೋದು ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ತೆಗೆದ್ರಾ?"

ಅವಳು ಸೆರಗಿನ ಚುಂಗು ಹಿಂಡಿದಳು. ಸುಳ್ಳಿಗೆ ಇಷ್ಟೊಂದು ಪ್ರಶ್ನೆ ಹುಟ್ಟುತ್ತವೆಂದು ಬಸ್ಸಿನಲ್ಲಿ ಹೊಳೆದಿರಲಿಲ್ಲ.

"ಅವತ್ತು ದೀಪ ಹಚ್ಚಿದ್ದಾದರೂ ನೆನಪಿದೆಯಾ?"

"ದಿನಾ ಹಚ್ತೀನಲ್ಲ ಸ್ವಾಮಿ."

"ಅವತ್ತು?"

ಅವತ್ತಿನದು ಅವಳಿಗೆ ನೆನಪಿದ್ದದ್ದು ಕೊಟ್ಟಿಗೆ, ಚೆಂಬಿನಲ್ಲಿ ಏರುತ್ತಿದ್ದ ಹಾಲಿನ ನೊರೆ, ಮನೆಯೊಳಗಿಂದ ಬಂದ ಸಿದ್ದಕ್ಕನ ಚೀರಾಟ.

"ನೆನಪಿಲ್ಲ," ಎಂದಳು.

ವಕೀಲರು ನಗಲಿಲ್ಲ. "ಹೆತ್ತ ಕರುಳು, ಇನ್ನೇನು ಹೇಳೀತು" ಎಂದು ಜಡ್ಜ್ ಸಾಹೇಬರಿಗೆ ಕೈಮುಗಿದು ಕೂತರು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗಿ ಕೂತ್ಕೊಳಮ್ಮ," ಎಂದರು. ತೀರ್ಪು ಸೋಮವಾರಕ್ಕೆ ಹೋಯಿತು.

ಪೊಲೀಸರು ಕರೆದೊಯ್ಯುವಾಗ ಚಿಕ್ಕರಂಗಯ್ಯ ಅವಳ ಮುಂದೆ ಒಂದು ಗಳಿಗೆ ನಿಂತ. "ಯಾಕವ್ವಾ ಸುಳ್ಳು ಹೇಳಾಕೋದೆ? ಬುಡು, ನನ್ನ ಹಣೇಲಿ ಬರೆದಂಗಾಯ್ತದೆ." ಸಿದ್ದಕ್ಕನ ಬಾಯಿಂದ ಇವನ ಪರವಾಗಿ ಒಂದು ಮಾತು ಬಂದಿದ್ದರೆ ಇವನು ಉಳಿಯುತ್ತಿದ್ದ ಎಂದು ಇವರ ಕಡೆಯ ವಕೀಲರು ಹೇಳಿದ್ದರು. ಆದರೆ ಗಂಡನ ಹೆಣ ಕಂಡವಳ ಬಾಯಿಂದ ಅಂಥ ಮಾತು ಎಲ್ಲಿಂದ ಬರಬೇಕು.

ಸಾವಾದ ಮೇಲೆ ಆ ಅಟ್ಟಕ್ಕೆ ಯಾರೂ ಹತ್ತಿರಲಿಲ್ಲ, ಏಣಿ ಗೂಟ ಬಿಟ್ಟು ಇಳಿದಿರಲಿಲ್ಲ. ಕಾಯಿಗಳು ಮಾತ್ರ ಮೇಲೆ ತಮ್ಮ ಪಾಡಿಗೆ ಒಣಗಿದ್ದವು. ಇಲಿ ಓಡಾಡಿದರೂ ಸಾಕು, ಚಿಪ್ಪಿನೊಳಗೆ ಕೊಬ್ಬರಿ ಲೊಟಲೊಟ ಎನ್ನುತ್ತಿತ್ತು. ಹನುಮಂತಯ್ಯ ಹೀಗೆಯೇ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಪುಟ್ಟಗಂಗಮ್ಮನಿಗೆ ಅದು ಇಲಿಯ ಸದ್ದಲ್ಲ. ಮಗ ಇನ್ನೂ ಇಳಿದಿಲ್ಲ, ಮೇಲೇ ಇದ್ದಾನೆ. ಸದ್ದು ಎದ್ದಾಗಲೆಲ್ಲ ಅವಳು ಸೆರಗನ್ನು ಕಿವಿಗೆ ಒತ್ತಿಕೊಂಡು, "ನಾನೇನಪ್ಪ ಮಾಡ್ಲಿ, ನಿನ್ನ ತಮ್ಮನ್ನ ಕಾಪಾಡು," ಎಂದು ಬೇಡಿಕೊಳ್ಳುತ್ತಿದ್ದಳು.

ಮರುದಿನ ಸಂಜೆಯ ಇಳಿಬಿಸಿಲಿನಲ್ಲಿ ಸಿದ್ದಕ್ಕ ಏಣಿಯನ್ನು ಗೂಟದಿಂದ ಇಳಿಸಿ ಅಟ್ಟಕ್ಕೆ ಆನಿಸಿದಳು. ಗೋಡೆಗೆ ಹೇಳುವಂತೆ ಹೇಳಿದಳು: "ನಾಡಿದ್ದು ಅವರ ತಿಥಿ. ಎಡೆಗೆ ಅವರ ಕೈಯಾರೆ ಹಾಕಿದ ಕಾಯೇ ಆಗ್ಬೇಕು." ಹೆಗಲಿಗೆ ಗೋಣಿಚೀಲ ಹಾಕಿಕೊಂಡು, ಕೈಯಲ್ಲಿ ಬ್ಯಾಟರಿ ಹಿಡಿದು ಹತ್ತಿದಳು.

ತಲೆಯ ಮೇಲೆ ಹೆಜ್ಜೆ ಸದ್ದು. ಕಾಯಿ ಲೊಟಗುಟ್ಟಿತು, ನಿಂತಿತು, ಮತ್ತೆ ಲೊಟಗುಟ್ಟಿತು. ಪುಟ್ಟಗಂಗಮ್ಮ ಕಂಬಕ್ಕೆ ಒರಗಿ ಕೂತೇ ಇದ್ದಳು. ಅವಳ ತಲೆಯಲ್ಲಿ ಸೋಮವಾರ ಬಿಟ್ಟು ಬೇರೇನೂ ಇರಲಿಲ್ಲ. ಆ ಸುಳ್ಳನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ನೆನಪಿದೆ ಎಂದುಬಿಡಬೇಕಿತ್ತು. ಹಾಳಾದ ನಾಲಿಗೆ ಅಲ್ಲೇ ಕೈಕೊಟ್ಟಿತು.

ದನ ಬಂದವು. ಬೆಳಕು ಹೋಯಿತು. ಅವಳು ಎದ್ದು ದೀಪ ಒರೆಸಿದಳು, ಬತ್ತಿ ತೀಡಿ ಹಚ್ಚಿದಳು. ಒಬ್ಬನನ್ನು ತಗೊಂಡಿದ್ದೀಯ, ಇನ್ನೊಬ್ಬನನ್ನಾದರೂ ಬಿಡು ತಾಯಿ ಎಂದು ಕೈಮುಗಿದಳು. ಕಣ್ಣೊರೆಸಿಕೊಳ್ಳುತ್ತಲೇ ಕೊಟ್ಟಿಗೆಗೆ ಹೋಗಿ ಕರು ಬಿಟ್ಟು, ಚೆಂಬು ಹಿಡಿದು ಕೂತಳು. ನೊರೆ ಏರುತ್ತಿತ್ತು. ಮನೆಯೊಳಗಿಂದ, ಎತ್ತರದಿಂದ, ವರ್ಷದ ಮೇಲೆ ಮೊದಲ ಸಲ ಸಿದ್ದಕ್ಕ ಅವಳನ್ನು ಕರೆದಳು.

"ಅತ್ತೆಮ್ಮಾ, ಏಣಿ ಎಲ್ಲಿ?"