ಸತ್ತವರು ನಗುವ ಶಾಟ್

ಬದುಕಿದ್ದ ಮನುಷ್ಯನ ಫೋಟೊಗೆ ಚೆಂಡುಹೂವಿನ ಹಾರ ಬಿತ್ತು. ಆ ಮನುಷ್ಯ, ಎಪ್ಪತ್ತೆರಡರ ನಟ ಜ್ಞಾನೇಶ್ವರ, ಕ್ಯಾಮೆರಾದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಒಂದು ಕಾಲಕ್ಕೆ ಹೀರೊ, ಆಮೇಲೆ ವಿಲನ್, ಆಮೇಲೆ ಹೀರೊಯಿನ್ನಿನ ಅಪ್ಪ. ಈಗ ಗೋಡೆಯ ಮೇಲಿನ ಫೋಟೊ. ಇನ್ನು ಕೆಳಗಿಳಿಯಲು ಮೆಟ್ಟಿಲೇ ಇರಲಿಲ್ಲ ಬಿಡಿ.

“ಕಾಕಾ, ಫೋಟೊ ಮೊಬೈಲಿಗಿ ಕಳಿಸಿದ್ರ ಸಾಕಾಗ್ತಿತ್ತು. ಬೆಂಗಳೂರಿಂದ ಬೀದರ್ ತನಕ ಯಾಕ ತ್ರಾಸ ತಗೊಂಡ್ರಿ?” ಎಂದ ನಿರ್ದೇಶಕ ಅಮೋಲ್.

“ಊರು ನೋಡಬೇಕನಿಸ್ತಪ್ಪ.”

ಹಸಿ ಸುಳ್ಳು. ಅವರ ಊರು ಸಂತಪುರ ಬಸ್ಸಿಗೆ ಗಂಟೆಯ ದಾರಿ, ಅತ್ತ ತಲೆ ಕೂಡ ಹಾಕಿರಲಿಲ್ಲ. ಅವರು ಬಂದದ್ದು ಆ ಫೋಟೊದ ಮುಂದೆ ವಿಧವೆಯಾಗಿ ಅಳಬೇಕಿದ್ದ ಸಿದ್ದೇಶ್ವರಿಗಾಗಿ. ನಲವತ್ತೈದು ವರ್ಷದ ಹಿಂದೆ ಭಾಲ್ಕಿಯ ನಾಟಕ ಮಂಡಳಿಯಲ್ಲಿ ಇಬ್ಬರದೂ ಜೋಡಿ. ‘ಒಂದು ಪಿಕ್ಚರ್ ಮುಗಿಸಿ ಬಂದು ಲಗ್ನ ಆಗ್ತೇನಿ’ ಎಂದು ಮದ್ರಾಸಿಗೆ ಹೋದ ಪುಣ್ಯಾತ್ಮ, ಅಲ್ಲೇ ನಿರ್ಮಾಪಕರ ಮಗಳನ್ನು ಮಾಡಿಕೊಂಡರು. ಒಂದು ಕಾಗದ ಕೂಡ ಬರೆಯಲಿಲ್ಲ. ಹೆಸರು, ಕಾರು, ಶಾಲು, ಹಾರ ಎಲ್ಲ ಬಂದವು, ಹೋದವು. ಈಗ ಎಲ್ಲ ಸಾಕಾಗಿತ್ತು ಅವರಿಗೆ. ಕಣ್ಣು ಮುಚ್ಚುವುದರೊಳಗೆ ಆಕೆಯ ಬಾಯಿಂದ ‘ಹೋಗಲಿ ಬಿಡ್ರಿ’ ಅನ್ನಿಸಿಕೊಳ್ಳಬೇಕಿತ್ತು, ಅಷ್ಟೆ.

ಶಾಟ್ ಶುರುವಾಯಿತು. ಸಿದ್ದೇಶ್ವರಿ ಫೋಟೊದ ಮುಂದೆ ನಿಂತು, “ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲರಿ. ಎಲ್ಲಿದ್ರೂ ಸುಖವಾಗಿರ್ರಿ” ಎಂದು ಅತ್ತಳು. ಕಣ್ಣಿಗೆ ಗ್ಲಿಸರಿನ್ ಕೂಡ ಹಾಕಿಸಿಕೊಂಡಿರಲಿಲ್ಲ. ಜ್ಞಾನೇಶ್ವರರ ಎದೆ ತುಂಬಿ ಬಂತು. ಕಟ್ ಅಂದದ್ದೇ ತಡ, ಎದ್ದು ಹತ್ತಿರ ಹೋದರು.

“ಸಿದ್ದೇಶ್ವರಿ, ಈಗ ಅಂದಿದ್ದು ನನಗ ಅಂದಿ ಏನು?”

“ಡೈಲಾಗರಿ ಅದು. ಅವರು ಬರ್ದು ಕೊಟ್ಟಾರ.”

“ನಂದು ತಪ್ಪಾಗ್ಯದ. ನಿನ್ನ ಬಾಯಿಲೆ ಒಮ್ಮಿ ಅನ್ನು.”

ಆಕೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತಳು. “ಈ ವಯಸ್ಸಿನಾಗ ಮಾಫ್ ಮಾಡ್ಲಿಕ್ಕಿ ಸುದ್ದಾ ತ್ರಾಣ ಬೇಕ್ರಿ. ನನ್ನ ಹತ್ರ ಉಳದಿಲ್ಲ.”

ಅಷ್ಟರಲ್ಲಿ ಅಮೋಲ್ ಕರೆದ. ಪಿಕ್ಚರಿನಲ್ಲಿ ಸತ್ತವರು ಕೊನೆಗೆ ಒಮ್ಮೆ ಕ್ಯಾಮೆರಾ ನೋಡಿ ನಗಬೇಕು, ಆಗಲೇ ಅಪಶಕುನ ಕಳೆಯುವುದು. ಸಿನಿಮಾದವರ ಪದ್ಧತಿ ಇದು, ಸೆಟ್ಟಿಗೆ ಬಂದ ಮೇಲಂತೂ ಬಿಡುವ ಹಾಗಿಲ್ಲ. ಜ್ಞಾನೇಶ್ವರ ಕ್ಯಾಮೆರಾದ ಮುಂದೆ ಹೋಗಿ ನಿಂತರು. ತುಟಿ ಅಗಲವಾಯಿತು, ಹಲ್ಲು ಕಂಡವು, ನಗು ಮಾತ್ರ ಬರಲೊಲ್ಲದು.

“ಕಾಕಾ, ಇನ್ನೊಮ್ಮಿ.”

ಮೂರಾಯಿತು, ನಾಲ್ಕಾಯಿತು, ಐದಾಯಿತು. ಯೂನಿಟ್ಟಿನವರು ಮುಖ ಮುಖ ನೋಡಿಕೊಂಡರು. ನಗಿಸದೆ ಕಳಿಸಲು ಅಮೋಲನಿಗೆ ಧೈರ್ಯ ಸಾಲದು.

ಸಿದ್ದೇಶ್ವರಿ ಎದ್ದಳು. ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ, ಹೋಗುವ ಮುನ್ನ ಕ್ಯಾಮೆರಾದ ಪಕ್ಕ ಬಂದು ನಿಂತಳು.

“ತಡಿಯಪ್ಪ ಅಮೋಲ್, ನಾ ಹೇಳ್ತೇನಿ,” ಎಂದು ಜ್ಞಾನೇಶ್ವರರ ಮುಖ ನೋಡಿದಳು. “ಅವತ್ತ ಭಾಲ್ಕಿ ಸ್ಟೇಷನ್ನಿನಾಗ ರೈಲ್ ಬಿಟ್ಟಾಗ, ಕಿಡಕಿದಾಗಿಂದ ನನ್ನ ನೋಡಿ ನಕ್ಕಿದ್ರಲ್ಲ, ಹಂಗ ನಗ್ರಿ. ಅದನ್ನ ನಾ ಎಂಟು ವರ್ಷ ಖರೇ ಅಂತ ತಿಳ್ಕೊಂಡಿದ್ದೆ.”