ಸೋಯಾ ಮುದ್ದೆ

ಸರಸಮ್ಮ ಹೊಸಿಲು ದಾಟಿದಾಗ ಮಂಚಮ್ಮನ ಮನೆಯವರೆಲ್ಲ ಉಣ್ಣಲು ಕುಳಿತಿದ್ದರು. ತಟ್ಟೆಗಳಲ್ಲಿದ್ದ ಮುದ್ದೆ ಕಂಡು ಅವರ ಕಾಲು ಅಲ್ಲೇ ನಿಂತಿತು. ಕಪ್ಪಗೆ, ನುಣ್ಣಗೆ ಹೊಳೆಯುತ್ತಿದ್ದ ಅಪ್ಪಟ ರಾಗಿ ಮುದ್ದೆ. ಮೂರು ವರ್ಷದಿಂದ ಈ ಮನೆಗೆ ಬಂದಾಗಲೆಲ್ಲ ಅವರು ಉಂಡದ್ದು ಸೋಯಾ ಹಿಟ್ಟು ಬೆರೆಸಿದ ಮಾಸಲು ಬಣ್ಣದ ಮುದ್ದೆ. ಹೆಚ್ಚು ಪೌಷ್ಟಿಕವೆಂದು ಬೆರೆಸಲು ಕಲಿಸಿದವರೂ ಅವರೇ.

"ಅಯ್ಯೋ, ಮೇಡಮ್ಮೋರು!" ಮಂಚಮ್ಮ ಎಂಜಲು ಕೈಯಲ್ಲೇ ಎದ್ದು ನಿಂತಳು. "ಯೋಳ್ದೆ ಕೇಳ್ದೆ ಬಂದ್ಬುಟ್ರಲ್ಲ! ಏ ಅಣ್ಣಮ್ಮ, ಅಟ್ಟದ ಮ್ಯಾಲಿರೋ ಆ ಸೋಯಾ ಇಟ್ಟಿನ ಡಬ್ಬ ಇಳ್ಸಮ್ಮಿ, ಬಿರ್ನೆ!"

ಸೊಸೆ ಅಣ್ಣಮ್ಮ ಡಬ್ಬವನ್ನೇನೋ ಇಳಿಸಿದಳು. ಆದರೆ ತುಕ್ಕು ಹಿಡಿದ ಮುಚ್ಚಳ ಜಪ್ಪಯ್ಯ ಎಂದರೂ ಬರಲಿಲ್ಲ. ಸರಸಮ್ಮನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಎಪ್ಪತ್ತರ ಇಸವಿಯ ಮಾತು. ಪಾಂಡವಪುರಕ್ಕೆ ಹೊರಟಿದ್ದ ವಿಶ್ವವಿದ್ಯಾಲಯದ ಜೀಪು ಕ್ಯಾತನಹಳ್ಳಿಯ ಹತ್ತಿರ ಕೆಟ್ಟು ನಿಂತಿತ್ತು. ಅದು ಸರಿಹೋಗುವಷ್ಟರಲ್ಲಿ ಮಂಚಮ್ಮನನ್ನು ಮಾತಾಡಿಸಿಕೊಂಡು ಬರೋಣವೆಂದು ಸರಸಮ್ಮ ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ಬಂದಿದ್ದರು. ಹಿಂದೆಲ್ಲ ಮೊದಲೇ ಹೇಳಿಕಳಿಸಿಯೇ ಬರುತ್ತಿದ್ದರು. ಮುಂದಿನ ಸೋಮವಾರ ವಿಶ್ವವಿದ್ಯಾಲಯದ ಸಮಿತಿಯೇ ಈ ಊರು ನೋಡಲು ಬರುವುದಿತ್ತು; ಊರಿನವರಿಗೂ ಆ ಸುದ್ದಿ ಮುಟ್ಟಿತ್ತು. ಕುಟುಂಬ ಅರ್ಥಶಾಸ್ತ್ರ ಓದಿದ ಹೆಂಗಸು ಹಳ್ಳಿಗೆ ಹೋಗಿ ಅದೇನು ಕಡಿದು ಕಟ್ಟೆ ಹಾಕುತ್ತಾಳೆ ಎಂದು ಮೂಗು ಮುರಿದವರೆಲ್ಲ ಅದರಲ್ಲಿದ್ದರು. ಲೆಕ್ಚರರ್ ಸರಸಮ್ಮ ಬಡ್ತಿ ಪಡೆದು ರೀಡರ್ ಆಗುವುದೂ ಬಿಡುವುದೂ ಅವರ ಕೈಯಲ್ಲಿತ್ತು. "ಕ್ಯಾತನಹಳ್ಳಿಯ ಮನೆಮನೆಯಲ್ಲೂ ಸೋಯಾ ಮುದ್ದೆ" ಎಂದು ಅವರು ಆ ಸಮಿತಿಯ ಮುಂದೆ ಎದೆ ತಟ್ಟಿ ಹೇಳಿ ಬಂದಿದ್ದರು.

"ನಿಜ ಹೇಳಿ ಮಂಚಮ್ಮ. ನಾನು ಕೊಟ್ಟ ಹಿಟ್ಟೆಲ್ಲ ಏನಾಯ್ತು?"

"ಎಮ್ಮೆಗೆ ಇಕ್ಬುಟ್ವಿ ಕಣ್ರವ್ವ."

"ಎಮ್ಮೆಗಾ!"

"ಸುಳ್ಳ್ಯಾಕೆ ಯೋಳ್ಲಿ, ಚೆಂದಾಗ್ ತಿಂತು. ಆಲೂ ವಸಿ ಜಾಸ್ತಿ ಆಯ್ತು."

"ಬೇರೆ ಮನೆಯವರು?"

"ಎಮ್ಮೆ ಇರೋರು ಎಮ್ಮೆಗೆ, ಇಲ್ದೋರು ಕೋಳಿಗೆ. ಆ ಡಬ್ಬದಲ್ಲಿರೋದ್ನ ನೀವು ಬರೋ ದಿನ ಮಾತ್ರ ನಾವು ಉಣ್ತಿದ್ವಿ. ಗಂಡಸ್ರು ಆವತ್ತು ಓಟ್ಲು ಕಡೀಕ್ ಓಡೋರು."

ಕಂಬದ ಮರೆಯಲ್ಲಿ ಅಣ್ಣಮ್ಮ ಕಿಸಕ್ಕನೆ ನಕ್ಕಳು. ಸರಸಮ್ಮನಿಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಮೂರು ವರ್ಷದ ದುಡಿಮೆ ಎಮ್ಮೆಯ ಹೊಟ್ಟೆಗೆ ಹೋಗಿತ್ತು.

"ಮೊದಲನೇ ದಿನವೇ ಬೇಡ ಅಂತ ಒಂದು ಮಾತು ಹೇಳಬಾರದಿತ್ತಾ?"

ಮಂಚಮ್ಮ ತಲೆ ತಗ್ಗಿಸಿದಳು. "ಅಂಗಂದ್ಬುಟ್ಟಿದ್ರೆ ನೀವು ಬರೋದೇ ಬುಟ್ಬುಡ್ತಿದ್ರಲ್ಲವ್ವ."

"ನೀವು ಬಂದ ದಿನ ಮಾತ್ರವೇ ನಮ್ಮತ್ತೆ ನನ್ನನ್ನ ಮನೆಯಿಂದ ಆಚೆ ಬುಡೋದು," ಎಂದಳು ಅಣ್ಣಮ್ಮ, ಕಂಬದ ಮರೆಯಿಂದಲೇ.

"ಊಂ, ನಂಗೆ ಮಾತ್ರ ಆಚೆ ಬರಾಕೆ ಇನ್ಯಾವ ನೆಪ ಐತಮ್ಮಿ?"

ಸರಸಮ್ಮನ ಕೋಪ ಜರ್ರನೆ ಇಳಿಯಿತು. ಮೊದಲ ಸಲ ಬಂದಾಗ ಇದೇ ಮಂಚಮ್ಮ, ನಮ್ಮ ಸೊಸೆ ಈಚೆ ಬರಾಕಿಲ್ಲ ಎಂದು ಮುಖದ ಮೇಲೆ ಬಾಗಿಲು ಹಾಕಿದ್ದಳು. ಆಮೇಲಾಮೇಲೆ ರಾಮಮಂದಿರದ ಜಗಲಿಯಲ್ಲಿ ಅತ್ತೆಯರ ಪಕ್ಕ ಸೊಸೆಯರು ಕೂರತೊಡಗಿದರು. ಹಿಟ್ಟು ಕಲಸುವಾಗ ಶುರುವಾದ ಮಾತು, ಯಾರ ಮನೆಯ ದುಡಿಮೆ ಎಲ್ಲಿ ಸೋರುತ್ತಿದೆ, ದೊಡ್ಡವಳಾದ ಮಗಳನ್ನು ಸ್ಕೂಲಿಗೆ ಕಳಿಸಬೇಕೋ ಬೇಡವೋ ಎಂಬಲ್ಲಿಗೆಲ್ಲ ಹರಿದು, ದನ ಮನೆಗೆ ಬರುವ ಹೊತ್ತಾದರೂ ಮುಗಿಯುತ್ತಿರಲಿಲ್ಲ. ಎಂಥ ಮಧ್ಯಾಹ್ನಗಳು! ಅವನ್ನು ತೂಗುವ ತಕ್ಕಡಿ ಸಮಿತಿಯವರ ಹತ್ತಿರ ಎಲ್ಲಿತ್ತು?

"ನನಗೂ ಒಂದು ತಟ್ಟೆ ಹಾಕಿ," ಎಂದು ಸರಸಮ್ಮ ನೆಲದ ಮೇಲೆ ಕುಳಿತರು. ಉಪ್ಪೆಸರಿನಲ್ಲಿ ಅದ್ದಿ ಮೊದಲ ತುತ್ತು ನುಂಗಿದಾಗ ನಾಗಮಂಗಲದ ತಮ್ಮ ಅಜ್ಜಿಯ ಕೈರುಚಿ ನೆನಪಾಗಿ ಕಣ್ಣು ತುಂಬಿ ಬಂತು. "ಆ ಸೋಯಾ ಮುದ್ದೆ ನನಗೂ ಸೇರ್ತಿರಲಿಲ್ಲ ಮಂಚಮ್ಮ. ಮಜ್ಜಿಗೆ ಕುಡಿದು ಕುಡಿದು ಇಳಿಸ್ತಿದ್ದೆ."

"ಅಯ್ ಶಿವನೇ! ನಿಮ್ಗೋಸ್ಕರ ಅಂತ ನಾವು, ನಮ್ಗೋಸ್ಕರ ಅಂತ ನೀವು!" ಮಂಚಮ್ಮ ಹಣೆ ಚಚ್ಚಿಕೊಂಡಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಬರೋ ಸ್ವಾಮಾರ ನೀವೇನೂ ಎದುರ್ಕಬ್ಯಾಡಿ," ಎಂದಳು ಮಂಚಮ್ಮ, ಇನ್ನೊಂದು ಮುದ್ದೆ ಇಕ್ಕುತ್ತಾ. "ಆ ದೊಡ್ಡೋರ ಮುಂದೆ ಇಡೀ ಊರೇ ಕುಂತ್ಕಂಡು ತಿಂತೀವಿ. ಗಂಡಸ್ರುನ್ನೂ ಕಟ್ಟಾಕಿ ಕೂರುಸ್ತೀವಿ."

"ಬೇಡ. ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡ್ತೀನಿ."

ಹೇಳಿದರು ಕೂಡ. ರೀಡರ್ ಹುದ್ದೆ ಆ ವರ್ಷ ಇನ್ನೊಬ್ಬರ ಪಾಲಾಯಿತು. ಎಷ್ಟೋ ಕಾಲದ ಮೇಲೆ ಪ್ರೊಫೆಸರಾಗಿ ತಮ್ಮ ಹುಡುಗಿಯರನ್ನು ಹಳ್ಳಿಗಳಿಗೆ ಕಳಿಸುವಾಗ ಸರಸಮ್ಮ ನೆನೆಯುತ್ತಿದ್ದದ್ದು ಕೈತಪ್ಪಿದ ಆ ಹುದ್ದೆಯನ್ನಲ್ಲ, ಈ ಊಟವನ್ನು. ಅದಕ್ಕಿಂತ ಹೆಚ್ಚಾಗಿ, ಆ ದಿನ ಜೀಪಿನ ಹಾರನ್ ಕೇಳಿ ಎದ್ದು ಹೊರಟಾಗ ಬಾಗಿಲವರೆಗೂ ಬಂದು ಕೈ ಹಿಡಿದುಕೊಂಡ ಮಂಚಮ್ಮನನ್ನು.

"ಬ್ಯಾರೆ ಏನಾರ ಕಲ್ಸಾಕೆ ಬತ್ತೀರಲ್ಲವ್ವ?"

"ಬರ್ತೀನಿ ಮಂಚಮ್ಮ. ಖಂಡಿತ ಬರ್ತೀನಿ."

ಮಂಚಮ್ಮ ಹಿಡಿದ ಕೈ ಬಿಡಲಿಲ್ಲ. "ಬ್ಯಾಗ್ನೆ ಕಲ್ತ್ಬುಡೋ ಅಂಥದ್ನ ಮಾತ್ರ ತರ್ಬ್ಯಾಡಿ ಕಣ್ರವ್ವ."